ಹರಿಯುವ ಹೊಳೆಯಲ್ಲಿ ಪ್ಲಗ್ ಎಳೆಯೋಕೆ ಎಂಥ ರಾಡ್ ಬೇಕು?

ತೀರ್ಥಹಳ್ಳಿ, ಹೊಸನಗರ, ಶಿವಮೊಗ್ಗ ಕಡೆ ಗಾಳ ಹಾಕುವವರ ಕೈಯಲ್ಲಿ ಈಗ ವಾಟೆ ಕೋಲಿನ ಜೊತೆಗೆ ರಾಡು, ರೀಲೂ ಕಾಣುತ್ತಿವೆ. ಫೋನಿನಲ್ಲಿ ಆರ್ಡರ್ ಮಾಡಿದರೆ ಮನೆಗೇ ಬರುತ್ತದೆ. ಅದೇ ಫೋನಿನಲ್ಲಿ ಅಮೆರಿಕದ ನದಿಗಳ ವಿಡಿಯೊಗಳೂ ಬರುತ್ತವೆ. ಸಣ್ಣ ದೋಣಿ, ಅದರ ಎರಡೂ ಬದಿಗೆ ಸ್ಟ್ಯಾಂಡಿಗೆ ಸಿಕ್ಕಿಸಿದ ರಾಡುಗಳು, ಯಾರೂ ಅದನ್ನು ಕೈಯಲ್ಲಿ ಹಿಡಿದಿರುವುದಿಲ್ಲ, ತುದಿ ಮಾತ್ರ ಸಣ್ಣಗೆ ನಡುಗುತ್ತಾ ಇರುತ್ತದೆ, ಇದ್ದಕ್ಕಿದ್ದ ಹಾಗೆ ಒಂದು ರಾಡು ಬುಡದವರೆಗೂ ಬಾಗಿ ತುದಿ ನೀರಿಗೆ ತಾಗುತ್ತದೆ.

ಇದನ್ನು ನೋಡಿದವರು ಆ ದಾರದ ತುದಿಯಲ್ಲಿರುವಂಥದ್ದೇ ಪ್ಲಗ್, ಅಂದರೆ ಸುಳ್ಳು ಮೀನು, ಹುಡುಕಿ ತರಿಸುತ್ತಾರೆ. ರಾಡಿನ ವಿಷಯಕ್ಕೆ ಬಂದಾಗ ಮಾತ್ರ ಅಂಗಡಿಯಲ್ಲಿರುವುದರಲ್ಲಿ ಗಟ್ಟಿಯಾದ, ಹಗುರವಾದ, ದುಬಾರಿಯಾದ ಒಂದನ್ನು ಕೊಳ್ಳುತ್ತಾರೆ. ಆಮೇಲೆ ಮೀನು ಬಂದು ತಟ್ಟುತ್ತದೆ, ಆದರೆ ಗಾಳಕ್ಕೆ ನಿಲ್ಲುವುದಿಲ್ಲ. ಪ್ಲಗ್ ಸರಿಯಿಲ್ಲ ಅಂತ ಇನ್ನೊಂದು ಪ್ಲಗ್ ತರಿಸುತ್ತಾರೆ. ತಪ್ಪು ಬಹಳ ಸಲ ಪ್ಲಗ್‌ನದ್ದಲ್ಲ, ರಾಡಿನದ್ದು. ಯಾಕೆ ಅಂತ ಬುಡದಿಂದ ನೋಡೋಣ.

ಪ್ಲಗ್ ಏನು ಮಾಡುತ್ತದೆ?

ಪ್ಲಗ್ ಅಂದರೆ ಮರ ಅಥವಾ ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಸುಳ್ಳು ಮೀನು. ಹೊಟ್ಟೆಯ ಕೆಳಗೆ, ಬಾಲದ ಹತ್ತಿರ ಗಾಳಗಳಿರುತ್ತವೆ. ಎರೆಹುಳುವಿನ ಹಾಗೆ ವಾಸನೆಯಿಂದ ಮೀನನ್ನು ಕರೆಯುವ ವಸ್ತು ಇದಲ್ಲ, ತನ್ನ ಓಡಾಟದಿಂದ ಕರೆಯುತ್ತದೆ. ಫಿನ್ಲೆಂಡಿನ ಲೌರಿ ರಪಾಲಾ ಎಂಬ ಮೀನುಗಾರ 1936ರಲ್ಲಿ ಬೆಂಡು ಕೆತ್ತಿ ಮಾಡಿದ ಸುಳ್ಳು ಮೀನಿನಿಂದಲೇ ಇವತ್ತಿನ ರಪಾಲಾ ಕಂಪನಿ ಬೆಳೆದದ್ದು. ಅಮೆರಿಕದ ಹೊಳೆಗಳಲ್ಲಿ ಫ್ಲಾಟ್‌ಫಿಶ್, ಕ್ವಿಕ್‌ಫಿಶ್, ಹಾಟ್ ಶಾಟ್, ವಿಗಲ್ ವಾರ್ಟ್ ಎಂಬ ಹೆಸರುಗಳು ಜಾಸ್ತಿ ಕೇಳಿಬರುತ್ತವೆ.

ನಿಂತ ನೀರಿನಲ್ಲಿ ಬಿಟ್ಟರೆ ಇಂಥ ಪ್ಲಗ್ ಸಾಮಾನ್ಯವಾಗಿ ತೇಲುತ್ತದೆ. ಅದರ ಮೂತಿಯ ಕೆಳಗೆ ಓರೆಯಾಗಿ ಕೂರಿಸಿದ ಒಂದು ಚಪ್ಪಟೆ ಪಟ್ಟಿ ಇರುತ್ತದೆ. ಕೆಲವದರಲ್ಲಿ ಪಟ್ಟಿಯ ಬದಲು ಇಡೀ ಮೈಯೇ ಬಾಗಿರುತ್ತದೆ. ದಾರ ಹಿಡಿದು ನಿಲ್ಲಿಸಿ ಎದುರಿನಿಂದ ನೀರು ಹರಿಸಿದರೆ, ಆ ನೀರು ಪಟ್ಟಿಯನ್ನು ಕೆಳಕ್ಕೆ ಒತ್ತುತ್ತದೆ. ಪ್ಲಗ್ ಮುಳುಗುತ್ತದೆ, ಎಡಕ್ಕೂ ಬಲಕ್ಕೂ ಹೊರಳುತ್ತಾ ಒದ್ದಾಡುತ್ತದೆ. ನೀರು ಜೋರಾದಷ್ಟೂ ಒದ್ದಾಟ ಜೋರು. ದಾರ ತೆಳ್ಳಗಿದ್ದರೆ ಇನ್ನೂ ಆಳಕ್ಕೆ ಹೋಗುತ್ತದೆ. ದಾರ ಉದ್ದ ಬಿಟ್ಟರೂ ಅಷ್ಟೆ, ಆದರೆ ಒಂದು ಮಿತಿಯವರೆಗೆ ಮಾತ್ರ.

ಈ ಒದ್ದಾಟ ದಾರದ ಮೂಲಕ ಮೇಲೆ ಬಂದು ರಾಡಿನ ತುದಿಯನ್ನು ನಡುಗಿಸುತ್ತದೆ. ನೀರಿನೊಳಗೆ ಪ್ಲಗ್ ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಗೊತ್ತಾಗುವುದು ಈ ನಡುಕದಿಂದ ಮಾತ್ರ. ನಡುಕ ನಿಂತಿತೋ, ಗಾಳಕ್ಕೆ ಎಲೆ ಸಿಕ್ಕಿಕೊಂಡಿದೆ ಅಂತಲೇ ಲೆಕ್ಕ. ನಮ್ಮ ಹೊಳೆಗಳ ಎರಡೂ ದಡದಲ್ಲಿ ಮರ, ಬಿದಿರು ಬಾಗಿಕೊಂಡಿರುತ್ತವೆ. ಒಂದು ಬಿದಿರೆಲೆ ಸಿಕ್ಕಿಕೊಂಡರೂ ಪ್ಲಗ್ ಹೊರಳುವುದನ್ನು ನಿಲ್ಲಿಸಿ ಸುಮ್ನೆ ನೀರಿನಲ್ಲಿ ಜೋತಾಡುತ್ತದೆ. ಅಂಥ ಪ್ಲಗ್ ಗಂಟೆಗಟ್ಟಲೆ ನೀರಿನಲ್ಲಿದ್ದರೂ ಮೀನು ತಿರುಗಿ ನೋಡುವುದಿಲ್ಲ.

‘ಎಳೆಯುವುದು’ ಅಂದರೆ ಯಾರು ಯಾರನ್ನು?

ಹೆಸರು ಕೇಳಿದರೆ ದೋಣಿ ಮುಂದೆ ಓಡುತ್ತಾ ಪ್ಲಗ್ಗನ್ನು ಹಿಂದೆ ಎಳೆಯುತ್ತದೆ ಅನಿಸುತ್ತದೆ. ಕೆರೆ, ಸಮುದ್ರದಲ್ಲಿ ಹಾಗೆಯೇ ಮಾಡುತ್ತಾರೆ. ಹರಿಯುವ ಹೊಳೆಯಲ್ಲಿ ಲೆಕ್ಕ ಬೇರೆ. ಇಲ್ಲಿ ದೋಣಿಯೂ ಕೆಳಕ್ಕೇ ಹೋಗುತ್ತಿರುತ್ತದೆ. ಆದರೆ ಹುಟ್ಟು ಹಾಕುವವರು ಹರಿವಿಗೆ ಎದುರಾಗಿ ಹಾಕುತ್ತಾ ದೋಣಿ ನೀರಿನಷ್ಟು ವೇಗವಾಗಿ ಇಳಿಯದಂತೆ ತಡೆಯುತ್ತಾರೆ. ಹೊಳೆ ಗಂಟೆಗೆ 5 ಕಿಲೋಮೀಟರ್ ಹರಿಯುತ್ತಿದೆ, ದೋಣಿ 2 ಕಿಲೋಮೀಟರಿನ ವೇಗದಲ್ಲಿ ಇಳಿಯುತ್ತಿದೆ ಅಂತ ಇಟ್ಟುಕೊಳ್ಳಿ. ಪ್ಲಗ್‌ಗೆ ಎದುರಾಗುವುದು ಉಳಿದ 3 ಕಿಲೋಮೀಟರಿನ ಹರಿವು. ಅಷ್ಟರಲ್ಲಿ ಅದು ಮುಳುಗಿ, ಒದ್ದಾಡುತ್ತಾ, ಬಾಲ ಮುಂದು ಮಾಡಿ ಮೆಲ್ಲಗೆ ಮಡುವಿನೊಳಗೆ ಇಳಿಯುತ್ತದೆ.

ಅಮೆರಿಕದ ವಾಯವ್ಯ ಭಾಗದ ಆರೆಗಾನ್, ವಾಷಿಂಗ್ಟನ್ ರಾಜ್ಯಗಳ ಹೊಳೆಗಳಲ್ಲಿ ಇದು ಹಳೆಯ ರೂಢಿ. ಅಲ್ಲಿ ಹಿಡಿಯುವುದು ಸಮುದ್ರದಿಂದ ಮೊಟ್ಟೆ ಇಡಲು ಹೊಳೆಗೆ ಹತ್ತಿ ಬರುವ ಚಿನೂಕ್ ಸಾಲ್ಮನ್ ಮತ್ತು ಸ್ಟೀಲ್‌ಹೆಡ್ ಮೀನುಗಳನ್ನು. ನಮ್ಮ ಮಲೆನಾಡಿನಲ್ಲಿ ಮಳೆಗಾಲದ ಮೊದಲ ನೀರಿಗೆ ಹತ್ತುಮೀನು ಬರುತ್ತದಲ್ಲ, ಅದನ್ನು ಕಂಡವರಿಗೆ ಇದು ಹೊಸದಲ್ಲ. ಹತ್ತಿ ಬಂದ ಸಾಲ್ಮನ್ ಹೊಳೆಯಲ್ಲಿ ಹೆಚ್ಚು ತಿನ್ನುವುದಿಲ್ಲ. ಆದರೂ ತಾನಿರುವ ಜಾಗಕ್ಕೆ ಯಾವುದೋ ಮೀನು ಬಾಲ ಮುಂದು ಮಾಡಿಕೊಂಡು ಬರುತ್ತಿದ್ದರೆ ಸ್ವಲ್ಪ ಹೊತ್ತು ಸರಿದು ಜಾಗ ಬಿಡುತ್ತದೆ, ಕೊನೆಗೆ ತಡೆಯಲಾರದೆ ಕಚ್ಚುತ್ತದೆ.

ಗಾಳ ಚುಚ್ಚುವ ಕೆಲಸ ರಾಡಿನದು

ಬೆಂಡು ಕಟ್ಟಿ ಗಾಳ ಹಾಕುವವರಿಗೆ ಒಂದು ಅಭ್ಯಾಸ ಇರುತ್ತದೆ. ಬೆಂಡು ಮುಳುಗಿದ ಕೂಡಲೇ ಕೋಲನ್ನು ಎತ್ತಿ ಹೊಡೆಯುತ್ತಾರೆ. ಅಲ್ಲಿ ಗಾಳ ಚುಚ್ಚುವುದು ಮನುಷ್ಯನ ಕೈ. ಪ್ಲಗ್ ಎಳೆಯುವಾಗ ರಾಡು ಸ್ಟ್ಯಾಂಡಿನಲ್ಲಿದೆ, ಕೈ ದೂರ ಇದೆ, ದಾರ ಆಗಲೇ ಬಿಗಿಯಾಗಿದೆ. ಗಾಳ ಚುಚ್ಚುವುದು ಹರಿವಿನ ಬಲ ಮತ್ತು ರಾಡಿನ ಬಾಗು, ಇವೆರಡೇ. ರಾಡು ಆರಿಸುವಾಗ ನೆನಪಿಡಬೇಕಾದ ಮುಖ್ಯ ವಿಷಯ ಇದು. ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ.

ಮೀನು ಕಚ್ಚುವ ಕ್ಷಣವನ್ನು ನಿಧಾನವಾಗಿ ನೋಡಿ. ಮೀನು ಹರಿವಿಗೆ ಎದುರು ಮುಖ ಮಾಡಿ ನಿಂತಿದೆ. ಪ್ಲಗ್ ಅದರ ಮೂತಿಯ ಮುಂದೆಯೇ ಒದ್ದಾಡುತ್ತಿದೆ. ಮೀನು ಬಾಯಿ ಹಾಕಿತು. ಇಲ್ಲಿ ರಾಡಿನ ತುದಿ ಮೆತ್ತಗಿದ್ದರೆ ಅರ್ಧ ಅಡಿಯೋ ಒಂದು ಅಡಿಯೋ ಸುಲಭವಾಗಿ ಬಾಗಿಕೊಡುತ್ತದೆ. ಮೀನಿಗೆ ಏನೋ ಹಿಡಿದು ಎಳೆಯುತ್ತಿದೆ ಅಂತ ತಕ್ಷಣ ಗೊತ್ತಾಗುವುದಿಲ್ಲ. ಅದು ಪ್ಲಗ್ಗನ್ನು ಬಾಯೊಳಗೆ ತೆಗೆದುಕೊಂಡು ತಿರುಗುತ್ತದೆ. ತಿರುಗಿದಂತೆ ರಾಡು ಇನ್ನಷ್ಟು ಬಾಗುತ್ತದೆ, ಎಳೆತ ಹಂತಹಂತವಾಗಿ ಏರುತ್ತದೆ, ಗಾಳ ಬಾಯಿಯ ಮೂಲೆಗೆ ಜಾರಿ ಅಲ್ಲಿ ಚುಚ್ಚಿಕೊಳ್ಳುತ್ತದೆ.

ರಾಡು ಗಡುಸಾಗಿದ್ದರೆ ಈ ಸಮಯವೇ ಸಿಗುವುದಿಲ್ಲ. ಮೀನು ಬಾಯಿ ಹಾಕಿದ ಕೂಡಲೇ ಎದುರಿನಿಂದ ಜಗ್ಗಿದಂತಾಗುತ್ತದೆ. ಒಂದೋ ಮೀನು ಉಗುಳುತ್ತದೆ, ಇಲ್ಲ ತುಟಿಯ ತುದಿಗೆ ಅರ್ಧಂಬರ್ಧ ಚುಚ್ಚಿದ ಗಾಳ ಸ್ವಲ್ಪ ಹೊತ್ತಿಗೆ ಕಿತ್ತು ಬರುತ್ತದೆ. ತಟ್ಟಿ ತಟ್ಟಿ ಹೋಗುತ್ತದೆ, ಸಿಗುವುದಿಲ್ಲ ಅನ್ನುವವರ ಕಥೆ ಹೆಚ್ಚಾಗಿ ಇದೇ.

ಅದಕ್ಕೇ ಅನುಭವಸ್ಥರು ಹೇಳುವ ಇನ್ನೊಂದು ಮಾತು: ತುದಿ ಎರಡು ಸಲ ಕುಣಿಯಿತು ಅಂತ ರಾಡಿಗೆ ಕೈ ಹಾಕಬೇಡಿ. ರಾಡು ಪೂರ್ತಿ ಬಾಗಿ, ಹಾಗೇ ಬಾಗಿಕೊಂಡು ನಿಂತು, ರೀಲಿನಿಂದ ದಾರ ಹೋಗಲು ಶುರುವಾಗಲಿ. ಆಮೇಲೆ ಸ್ಟ್ಯಾಂಡಿನಿಂದ ತೆಗೆಯಿರಿ. ಎತ್ತಿ ಹೊಡೆಯುವ ಅಗತ್ಯ ಇಲ್ಲವೇ ಇಲ್ಲ. ಇಷ್ಟು ಕಾಯುವುದು ನಿಜಕ್ಕೂ ಕಷ್ಟ, ಕೈ ತಾನಾಗಿ ಹೋಗುತ್ತದೆ. ಆದರೆ ಕಾದರೆ ಫಲ ಇದೆ.

ತುದಿ ಮೆತ್ತಗಿದ್ದರೆ ಸಾಕೇ? ಸಾಲದು. ಹರಿಯುವ ನೀರಿನಲ್ಲಿ ಮೀನಿನ ತೂಕದ ಜೊತೆಗೆ ಹೊಳೆಯ ಸೆಳೆತವೂ ಸೇರಿಕೊಳ್ಳುತ್ತದೆ. ಬಂಡೆಯ ಸಂದಿಗೆ ನುಗ್ಗುವ ಮೀನನ್ನು ತಡೆಯಲು ಬುಡದಲ್ಲಿ ಶಕ್ತಿ ಬೇಕು. ಹಾಗಾಗಿ ಬೇಕಾದದ್ದು ತುದಿಯಲ್ಲಿ ಮೆತ್ತಗೆ, ನಡುವಿನಲ್ಲಿ ನಿಧಾನವಾಗಿ ಬಾಗುವ, ಬುಡದಲ್ಲಿ ಗಟ್ಟಿಯಾದ ರಾಡು.

ಕಾರ್ಬನ್ನೋ ಗ್ಲಾಸೋ?

ಎರಡನೇ ಮಹಾಯುದ್ಧ ಮುಗಿದ ಮೇಲೆ ಬಿದಿರಿನ ರಾಡುಗಳ ಜಾಗಕ್ಕೆ ಫೈಬರ್ ಗ್ಲಾಸ್ ಬಂತು. 1970ರ ದಶಕದಲ್ಲಿ ಕಾರ್ಬನ್ ಫೈಬರ್ ರಾಡುಗಳು ಬಂದವು. ಅಂಗಡಿಗಳಲ್ಲಿ ಗ್ರಾಫೈಟ್ ಅನ್ನುವುದೂ ಇದಕ್ಕೇ.

ಮಲೆನಾಡಿನವರಿಗೆ ಕಾರ್ಬನ್ ಏನು ಅಂತ ತಿಳಿಯಲು ಅಡಿಕೆ ತೋಟದ ದೋಟಿ ಸಾಕು. ಹಿಂದಿನ ಬಿದಿರಿನ ದೋಟಿ ಎತ್ತಿದರೆ ತುದಿ ತೂಗಾಡುತ್ತಿತ್ತು, ಭಾರವೂ ಇತ್ತು. ಈಗಿನ ಕಾರ್ಬನ್ ಫೈಬರ್ ದೋಟಿಯನ್ನು ನೆಲದಲ್ಲೇ ನಿಂತು ಎತ್ತರದ ಗೊನೆಯವರೆಗೆ ಚಾಚಬಹುದು, ಅಷ್ಟು ಉದ್ದ ಇದ್ದರೂ ಜಾಸ್ತಿ ಬಾಗುವುದಿಲ್ಲ. ಹಗುರ ಮತ್ತು ಗಡಸು, ಇವೇ ಅದರ ಗುಣ. ದೋಟಿಗೆ ಬೇಕಾದದ್ದೂ ಅದೇ. ಗಾಳವನ್ನು ಕೈಯಲ್ಲೇ ಹಿಡಿದು, ಮತ್ತೆ ಮತ್ತೆ ಬೀಸಿ ಎಸೆದು, ಸಣ್ಣ ತಟ್ಟನ್ನೂ ಬೆರಳಿನಲ್ಲಿ ಗುರುತಿಸಬೇಕಾದವರಿಗೂ ಕಾರ್ಬನ್ ಒಳ್ಳೆಯದೇ. ಆದರೆ ಸ್ಟ್ಯಾಂಡಿನಲ್ಲಿಟ್ಟ ರಾಡಿಗೆ ಹಗುರತನದಿಂದ ಲಾಭವಿಲ್ಲ. ಗಡಸುತನದಿಂದಂತೂ ನಷ್ಟವೇ.

ಗ್ಲಾಸ್ ರಾಡು ಭಾರ, ದಪ್ಪ, ನೋಡಲು ಹಳೆಯ ಕಾಲದ್ದು ಅನಿಸುತ್ತದೆ. ಆದರೆ ಬೇಗ ಮುರಿಯುವುದಿಲ್ಲ, ನಿಧಾನವಾಗಿ, ಉದ್ದಕ್ಕೂ ಬಾಗುತ್ತದೆ. ಈ ಕೆಲಸಕ್ಕೆ ನನ್ನ ಆಯ್ಕೆ ಇದೇ. ಅದರಲ್ಲೂ ಎಸ್-ಗ್ಲಾಸ್ ಅಂತ ಬರೆದದ್ದು ಸಾಮಾನ್ಯ ಇ-ಗ್ಲಾಸ್‌ಗಿಂತ ಹಗುರ, ಬಲವೂ ಹೆಚ್ಚು. ಕಾರ್ಬನ್, ಗ್ಲಾಸ್ ಎರಡನ್ನೂ ಬೆರೆಸಿ ಮಾಡಿದ ಕಾಂಪೋಸಿಟ್ ರಾಡುಗಳೂ ಇವೆ. ಒಂದೇ ರಾಡಿನಲ್ಲಿ ಬೇರೆ ಕೆಲಸವೂ ಆಗಬೇಕು ಅನ್ನುವವರು ಇದನ್ನು ನೋಡಬಹುದು.

ಕಾರ್ಬನ್ ರಾಡಿನ ಮೇಲೆ 24 ಟನ್, 30 ಟನ್, 40 ಟನ್ ಅಂತ ಬರೆದಿರುತ್ತದೆ. ಅದು ರಾಡು ಎತ್ತಬಲ್ಲ ತೂಕ ಅಲ್ಲ. ಅದರಲ್ಲಿರುವ ಕಾರ್ಬನ್ ಎಷ್ಟು ಗಡಸು ಅನ್ನುವುದರ ಅಳತೆ. ಸಂಖ್ಯೆ ಏರಿದಂತೆ ಗಡಸು ಏರುತ್ತದೆ, ಪೆಟ್ಟು ಬಿದ್ದರೆ ಮುರಿಯುವ ಸಂಭವವೂ ಏರುತ್ತದೆ. ಪ್ಲಗ್ ಎಳೆಯೋಕೆ ದೊಡ್ಡ ಸಂಖ್ಯೆಗೆ ಹೆಚ್ಚು ದುಡ್ಡು ಕೊಡುವುದು ವ್ಯರ್ಥ. ಕಾರ್ಬನ್ ಆದರೂ ನಿಧಾನವಾಗಿ ಬಾಗುವಂತೆ ಮಾಡಿದ ರಾಡುಗಳಿವೆ, ಅವು ನಡೆಯುತ್ತವೆ.

ಇನ್ನೊಂದು ಎಚ್ಚರಿಕೆ. ಕಾರ್ಬನ್ ರಾಡಿನಲ್ಲಿ ಕರೆಂಟ್ ಹರಿಯುತ್ತದೆ. ದೋಟಿ ಲೈನಿಗೆ ತಾಗಿ ಆಗುವ ಅನಾಹುತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊಳೆ ದಾಟುವ ವಿದ್ಯುತ್ ತಂತಿಯ ಕೆಳಗೆ ರಾಡು ಎತ್ತಬೇಡಿ, ಗುಡುಗು ಶುರುವಾದರೆ ಕೆಳಗಿಟ್ಟು ದೂರ ಹೋಗಿ.

ರಾಡಿನ ಮೇಲಿನ ಬರಹ ಓದುವುದು

ಹಿಡಿಯ ಮೇಲ್ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ನಾಲ್ಕೈದು ವಿಷಯ ಬರೆದಿರುತ್ತಾರೆ. ಉದ್ದ ಗೊತ್ತೇ ಇದೆ. ದೋಣಿಯಿಂದ ಎಳೆಯಲು ಎಂಟರಿಂದ ಒಂಬತ್ತು ಅಡಿ ಸರಿ. ಅಷ್ಟಿದ್ದರೆ ಅಕ್ಕಪಕ್ಕದ ದಾರಗಳು ಸಿಕ್ಕಾಗದಂತೆ ದೂರ ನಿಲ್ಲುತ್ತವೆ, ಬಾಗಲೂ ಜಾಗ ಇರುತ್ತದೆ.

ಪವರ್ ಮತ್ತು ಆ್ಯಕ್ಷನ್ ಎಂಬ ಎರಡು ಪದಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಪವರ್ ಅಂದರೆ ರಾಡನ್ನು ಬಾಗಿಸಲು ಎಷ್ಟು ಬಲ ಬೇಕು ಅನ್ನುವುದು. ಲೈಟ್, ಮೀಡಿಯಂ, ಮೀಡಿಯಂ ಹೆವಿ, ಹೆವಿ ಅಂತ ಹೇಳುತ್ತಾರೆ. ಆ್ಯಕ್ಷನ್ ಅಂದರೆ ಎಲ್ಲಿಂದ ಬಾಗುತ್ತದೆ ಅನ್ನುವುದು. ತುದಿ ಮಾತ್ರ ಬಾಗಿದರೆ ಫಾಸ್ಟ್, ನಡುವಿನವರೆಗೆ ಬಾಗಿದರೆ ಮಾಡರೇಟ್, ಹಿಡಿಯ ಹತ್ತಿರದವರೆಗೂ ಬಾಗಿದರೆ ಸ್ಲೋ. ಪ್ಲಗ್‌ಗೆ ಬೇಕಾದದ್ದು ಮಾಡರೇಟ್, ಅಥವಾ ಅದಕ್ಕಿಂತ ಸ್ವಲ್ಪ ನಿಧಾನದ್ದು. ಪವರ್ ಮಾತ್ರ ಮೀನಿನ ಗಾತ್ರ ನೋಡಿ. ಮೂರ್ನಾಲ್ಕು ಕಿಲೋ ಮೀನಿಗೆ ಮೀಡಿಯಂ ಸಾಕು. ದೊಡ್ಡ ಮೀನು, ಜೋರು ಹರಿವು ಇದ್ದರೆ ಮೀಡಿಯಂ ಹೆವಿ.

ಮುಂದೆ ಪೌಂಡಿನಲ್ಲಿ ದಾರದ ಬಲ ಇರುತ್ತದೆ. ಒಂದು ಪೌಂಡು ಸುಮಾರು 450 ಗ್ರಾಂ. 10–20 ಪೌಂಡ್ ಅಂತಿದ್ದರೆ ಆ ಬಲದ ದಾರಕ್ಕೆ ರಾಡು ಹೊಂದುತ್ತದೆ ಅಂತ. ಕೊನೆಯದು ಎಸೆಯುವ ಪ್ಲಗ್ಗಿನ ತೂಕ, ಔನ್ಸಿನಲ್ಲೋ ಗ್ರಾಮಿನಲ್ಲೋ ಇರುತ್ತದೆ. ಒಂದು ಔನ್ಸ್ ಅಂದರೆ 28 ಗ್ರಾಂ. ಇಲ್ಲಿ ಗಮನಿಸಿ: ಪ್ಲಗ್ ತೂಕದಲ್ಲಿ ಹಗುರವಾದರೂ ಹರಿಯುವ ನೀರಿನಲ್ಲಿ ಅದು ಎಳೆಯುವ ಬಲ ತನ್ನ ತೂಕಕ್ಕಿಂತ ಎಷ್ಟೋ ಹೆಚ್ಚು. ಪ್ಲಗ್ಗಿನ ಎಳೆತಕ್ಕೇ ರಾಡು ಅರ್ಧ ಬಾಗಿಬಿಟ್ಟರೆ ಮೀನು ಬಂದಾಗ ಬಾಗಲು ಉಳಿಯುವುದೇನು? ಅಂಥ ರಾಡು ತೀರಾ ಮೆತ್ತಗಾಯಿತು ಅಂತ ಅರ್ಥ.

ಕೊಳ್ಳುವಾಗ ಕೈಯಲ್ಲಿ ನೋಡುವುದು

ಬರೆದದ್ದನ್ನು ಪೂರ್ತಿ ನಂಬಬೇಡಿ. ಒಂದು ಕಂಪನಿಯ ಮೀಡಿಯಂ ಇನ್ನೊಂದು ಕಂಪನಿಯ ಮೀಡಿಯಂ ಹೆವಿ ಇರಬಹುದು. ರಿಂಗುಗಳ ಮೂಲಕ ದಾರ ಹಾಯಿಸಿ, ಜೊತೆಯಲ್ಲಿ ಬಂದವರ ಕೈಗೆ ದಾರದ ತುದಿ ಕೊಟ್ಟು, ಮೆಲ್ಲಗೆ ಎಳೆಯಲು ಹೇಳಿ. ಮೊದಲು ತುದಿ ಬಾಗಬೇಕು, ಎಳೆತ ಏರಿದಂತೆ ಬಾಗು ಕೆಳಕ್ಕೆ ಇಳಿಯುತ್ತಾ ಬರಬೇಕು. ಎಲ್ಲೋ ಒಂದು ಕಡೆ ತಟಕ್ಕನೆ ಮಡಿಚಿದಂತೆ ಕಂಡರೆ, ಅಥವಾ ಜೋಡಣೆಯ ಜಾಗದಲ್ಲಿ ಮಾತ್ರ ನೆಟ್ಟಗೆ ನಿಂತರೆ ಬೇಡ.

ಒಂದರೊಳಗೆ ಒಂದು ಸೇರುವ ಮಡಿಚುವ ರಾಡು ಅಗ್ಗ, ಬ್ಯಾಗಿನಲ್ಲಿ ಹಿಡಿಯುತ್ತದೆ, ಹಾಗಾಗಿ ಎಲ್ಲರ ಕಣ್ಣು ಅದರ ಮೇಲೆ. ಪ್ಲಗ್‌ಗೆ ಅದು ಸರಿಬರುವುದಿಲ್ಲ. ಗಂಟೆಗಟ್ಟಲೆ ನಡುಗಿದಾಗ ಅದರ ತುಂಡುಗಳು ಸಡಿಲವಾಗುತ್ತವೆ, ರಿಂಗ್ ತಿರುಗುತ್ತದೆ. ಎರಡು ತುಂಡಿನ ರಾಡು ಕೊಳ್ಳಿ. ಎಂಟೂವರೆ ಅಡಿಯದ್ದು ಬಿಚ್ಚಿದರೆ ತಲಾ ನಾಲ್ಕೂಕಾಲು ಅಡಿ, ಬೈಕಿಗೆ ಕಟ್ಟಿಕೊಂಡು ಹೋಗಬಹುದು.

ರಿಂಗುಗಳೊಳಗೆ ಒಂದು ಚೂರು ಹತ್ತಿ ಉಜ್ಜಿ ನೋಡಿ. ಕಣ್ಣಿಗೆ ಕಾಣದ ಬಿರುಕಿದ್ದರೂ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥ ರಿಂಗು ದಾರವನ್ನು ದಿನವಿಡೀ ಕೊಯ್ಯುತ್ತದೆ. ಹಿಡಿ ಉದ್ದ ಇರಲಿ. ರೀಲಿನ ಹಿಂದಿನ ಭಾಗ ಗಿಡ್ಡವಾದರೆ ಸ್ಟ್ಯಾಂಡಿನಲ್ಲಿ ಭದ್ರವಾಗಿ ಕೂರುವುದಿಲ್ಲ.

ರೀಲು, ದಾರ

ದೋಣಿಯಲ್ಲಾದರೆ ರಾಡಿನ ಮೇಲೆ ಅಡ್ಡ ಕೂರುವ ಬೇಟ್‌ಕಾಸ್ಟಿಂಗ್ ರೀಲು ಅನುಕೂಲ. ಕೆಲವದರಲ್ಲಿ ಎಷ್ಟು ಅಡಿ ದಾರ ಹೋಯಿತು ಅಂತ ತೋರಿಸುವ ಮೀಟರೂ ಇರುತ್ತದೆ. ರಾಡಿನ ಕೆಳಗೆ ಜೋತುಬೀಳುವ ಸ್ಪಿನ್ನಿಂಗ್ ರೀಲು ಆಗಲೇ ಇದೆ ಅಂದರೆ ಅದಕ್ಕೆ ಹೊಂದುವ ರಾಡು ಕೊಳ್ಳಿ, ಯಾಕೆಂದರೆ ಎರಡರ ರಿಂಗುಗಳು ಬೇರೆ ಬೇರೆ.

ತಂಗೂಸಿ ದಾರ ಎಳೆದರೆ ಸ್ವಲ್ಪ ಹಿಗ್ಗುತ್ತದೆ, ನೇಯ್ದ ಬ್ರೇಡ್ ದಾರ ಹಿಗ್ಗುವುದೇ ಇಲ್ಲ ಅನ್ನಬಹುದು. ಬ್ರೇಡ್ ಹಾಕಿದರೆ ಬಾಗುವ ಕೆಲಸವೆಲ್ಲ ರಾಡಿನ ಮೇಲೇ ಬೀಳುತ್ತದೆ, ಆಗ ಮೆತ್ತನೆಯ ರಾಡು ಇನ್ನೂ ಮುಖ್ಯ. ರೀಲಿನ ಬಿಗಿತವನ್ನು, ಅಂದರೆ ಡ್ರ್ಯಾಗನ್ನು, ದಾರದ ಬಲದ ನಾಲ್ಕನೇ ಒಂದು ಭಾಗಕ್ಕೆ ಇಡುವುದು ರೂಢಿ. ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ ಎಳೆದರೆ ಗೊತ್ತಾಗುತ್ತದೆ.

ತುಂಗೆ, ಭದ್ರೆಯಲ್ಲಿ ಹೇಗೆ?

ನಮ್ಮಲ್ಲಿ ಸಾಲ್ಮನ್ ಇಲ್ಲ. ಪ್ಲಗ್‌ಗೆ ಬರುವುದು ಮಹಶೀರ್, ಮುರಗೋಡು, ಬಾಳೆ ಮೀನಿನಂಥ ಬೇಟೆಯಾಡುವ ಮೀನುಗಳು. ಇವು ಹಸಿವಿಗೇ ಕಚ್ಚುತ್ತವೆ. ಮಳೆಗಾಲದ ಕೆಂಪು ನೀರಿನಲ್ಲಿ ಪ್ಲಗ್ ಅವಕ್ಕೆ ಕಾಣುವುದೇ ಕಷ್ಟ. ನೀರು ತಿಳಿಯಾಗಿ, ಹರಿವು ಇನ್ನೂ ಉಳಿದಿರುವ ನವೆಂಬರಿನಿಂದ ಮುಂದಿನ ತಿಂಗಳುಗಳು ಒಳ್ಳೆಯವು.

ಹುಟ್ಟು ಹಾಕಿ ತಡೆಯಬಲ್ಲ ದೋಣಿ ಎಲ್ಲರ ಹತ್ತಿರ ಇರುವುದಿಲ್ಲ. ದಡದಿಂದಲೂ ಇದೇ ಕೆಲಸ ಆಗುತ್ತದೆ. ಮಡುವಿನ ಮೇಲ್ತುದಿಯಲ್ಲಿ ನಿಂತು ಪ್ಲಗ್ಗನ್ನು ಹರಿವಿಗೆ ಬಿಡಿ, ದಾರ ಹಿಡಿದು ನಿಲ್ಲಿಸಿ, ಅದು ಮುಳುಗಿ ನಡುಗಲು ಶುರುವಾದ ಮೇಲೆ ಒಂದೊಂದೇ ಮಾರು ದಾರ ಬಿಡುತ್ತಾ ಮಡುವಿನೊಳಗೆ ಇಳಿಸಿ. ದಡದ ಮರ, ಬಂಡೆಗಳಿಂದ ದಾರವನ್ನು ದೂರ ಇಡಲು ಇಲ್ಲಿ ಒಂಬತ್ತು ಅಡಿಯೋ ಅದಕ್ಕಿಂತ ಉದ್ದವೋ ಇರುವ ರಾಡು ಒಳ್ಳೆಯದು. ಸೈಡ್ ಪ್ಲೇನರ್ ಅಂತ ಒಂದು ಸಣ್ಣ ಹಲಗೆ ಸಿಗುತ್ತದೆ. ದಾರಕ್ಕೆ ಸಿಕ್ಕಿಸಿದರೆ ಹರಿವು ಅದನ್ನು ಒತ್ತಿ ದಡದಿಂದ ಹೊಳೆಯ ನಡುವಿಗೆ ಕೊಂಡೊಯ್ಯುತ್ತದೆ. ರಾಡಿಗೆ ಕವೆಗೋಲು ಸಾಲದು. ದಪ್ಪ ಪಿವಿಸಿ ಪೈಪಿನ ತುಂಡನ್ನು ಆಳವಾಗಿ ಹುಗಿದು ಅದರಲ್ಲಿ ನಿಲ್ಲಿಸಿ, ಹಗ್ಗದಿಂದ ಗೂಟಕ್ಕೂ ಕಟ್ಟಿ. ಮಹಶೀರ್ ಎಳೆದರೆ ರಾಡು, ರೀಲು ಸಮೇತ ನೀರಿಗೆ ಹೋಗುತ್ತದೆ.

ಪ್ಲಗ್ ನೆಟ್ಟಗೆ ಈಜದೆ ಒಂದೇ ಬದಿಗೆ ಓಡುತ್ತಿದ್ದರೆ ಮೂತಿಯ ತಂತಿ ಕಣ್ಣನ್ನು ಇಕ್ಕಳದಿಂದ ಎದುರು ಬದಿಗೆ ಒಂಚೂರು ಬಾಗಿಸಿ. ಎಡಕ್ಕೆ ಓಡಿದರೆ ಬಲಕ್ಕೆ, ಬಲಕ್ಕೆ ಓಡಿದರೆ ಎಡಕ್ಕೆ. ಜೊತೆಗೆ ಬಂದ ಮೂರು ಮುಳ್ಳಿನ ಗಾಳವೂ ಮಹಶೀರ್‌ಗೆ ಸಾಲದು, ಅದರ ದವಡೆಯ ಒತ್ತಡಕ್ಕೆ ತೆಳು ಗಾಳ ನೆಟ್ಟಗಾಗಿಬಿಡುತ್ತದೆ. ಗಟ್ಟಿಯಾದ ಒಂಟಿ ಗಾಳ ಹಾಕಿ, ಅದರ ಅಡ್ಡಮುಳ್ಳನ್ನು ಒತ್ತಿ ಚಪ್ಪಟೆ ಮಾಡಿ. ಮಹಶೀರ್ ಸಿಕ್ಕರೆ ನೀರಿನಲ್ಲೇ ಗಾಳ ಬಿಡಿಸಿ ಬಿಟ್ಟುಬಿಡಬೇಕು. ಈ ಮೀನು ನಮ್ಮ ಹೊಳೆಗಳಲ್ಲಿ ಉಳಿಯಬೇಕು.

ಎಲ್ಲಿ ಹಾಕಬಾರದು

ಶೃಂಗೇರಿಯಲ್ಲಿ ಶಾರದಾಂಬೆಯ ದೇವಸ್ಥಾನದ ಪಕ್ಕದ ತುಂಗೆಯಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕುತ್ತೇವೆ, ಅಲ್ಲಿ ಯಾರೂ ಗಾಳ ಹಾಕುವಂತಿಲ್ಲ. ಉಳಿದ ಮತ್ಸ್ಯಧಾಮಗಳಲ್ಲೂ ಅಷ್ಟೆ. ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಶರಾವತಿ ಕಣಿವೆಯ ಅಭಯಾರಣ್ಯದಂಥ ಕಡೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅಣೆಕಟ್ಟೆಗಳ ಹಿನ್ನೀರಿಗೆ, ಹೊಳೆಯ ಬೇರೆ ಭಾಗಗಳಿಗೆ ಲೈಸೆನ್ಸ್ ಬೇಕಾಗುತ್ತದೆ. ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಹತ್ತುಮೀನು ಮೊಟ್ಟೆ ಇಡಲು ಮೇಲೆ ಹತ್ತುವ ಮುಂಗಾರಿನ ಹೊತ್ತಿನಲ್ಲಿ ಪ್ಲಗ್ ತೆಗೆದಿಡಿ.

ಗಾಜನೂರಿನ ಕೆಳಗೆ, ಲಕ್ಕವಳ್ಳಿಯ ಕೆಳಗೆ, ಲಿಂಗನಮಕ್ಕಿಯ ಕೆಳಗೆ ನೀರು ಬಿಟ್ಟಾಗ ಹೊಳೆಯ ಮಟ್ಟ ಬೇಗ ಏರುತ್ತದೆ. ನಡುವಿನ ಬಂಡೆಯ ಮೇಲೆ ನಿಂತವರಿಗೆ ದಡಕ್ಕೆ ಬರಲು ದಾರಿಯೇ ಉಳಿಯುವುದಿಲ್ಲ. ಇಳಿಯುವ ಮೊದಲು ಆ ಊರಿನವರನ್ನು ಕೇಳಿ, ದೋಣಿ ಹತ್ತುವುದಾದರೆ ಲೈಫ್ ಜಾಕೆಟ್ ಹಾಕಿಕೊಳ್ಳಿ.